ಘಟ್ಟ ಇಳಿಯುವಾಗ ಮೂರರಿಂದ ಎರಡಕ್ಕೆ: ಗಾಡಿ ಜಗ್ಗದಂತೆ ಗೇರ್ ಇಳಿಸುವುದು ಹೇಗೆ?

ತೋಟಗಾರ, ಶಿರಸಿ

ಎಲ್ಲರಿಗೂ ನಮಸ್ಕಾರ. ಕಾರು ಓಡಿಸಲು ಕಲಿತು ಎರಡು ವರ್ಷವಾದರೂ ಒಂದು ವಿಷಯ ನನಗೆ ಇನ್ನೂ ಕೈಗೆ ಹತ್ತಿಲ್ಲ. ನನ್ನದು ಐದು ಗೇರಿನ ಸಣ್ಣ ಪೆಟ್ರೋಲ್ ಕಾರು. ತಿಂಗಳಿಗೊಮ್ಮೆ ಆಯಿಯನ್ನು ವೈದ್ಯರಿಗೆ ತೋರಿಸಲು ಶಿರಸಿಯಿಂದ ಕುಮಟಾಕ್ಕೆ ಹೋಗುತ್ತೇನೆ. ದೇವಿಮನೆ ಘಟ್ಟ ಸಿಗುವವರೆಗೆ ಆಯಿ ಮಾತನಾಡುತ್ತ ಆರಾಮವಾಗಿ ಕುಳಿತಿರುತ್ತಾಳೆ. ತಿರುವುಗಳು ಶುರುವಾಗಿ ನಾನು ಮೂರನೇ ಗೇರಿನಿಂದ ಎರಡಕ್ಕೆ ಇಳಿಸತೊಡಗಿದೆನೆಂದರೆ ಅವಳ ಮಾತು ನಿಲ್ಲುತ್ತದೆ. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಒಮ್ಮೆಲೇ ಅಬ್ಬರಿಸಿ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಗಾಡಿ ತಡೆಯುತ್ತದೆ. ಆಯಿಯ ತಲೆ ಮುಂದಕ್ಕೆ ವಾಲಿ ಮತ್ತೆ ಹಿಂದಕ್ಕೆ ಬರುತ್ತದೆ. ಏಳೆಂಟು ತಿರುವು ಕಳೆಯುವಷ್ಟರಲ್ಲಿ ಗಾಡಿ ನಿಲ್ಲಿಸಿ ಅವಳಿಗೆ ನೀರು ಕೊಡಬೇಕಾಗುತ್ತದೆ.

ಕ್ಲಚ್ಚನ್ನು ಬಹಳ ನಿಧಾನವಾಗಿ ಬಿಟ್ಟು ನೋಡಿದೆ. ಜಗ್ಗುವುದು ಕಡಿಮೆಯಾಯಿತು, ಆದರೆ ಘಟ್ಟದ ಬುಡಕ್ಕೆ ಬರುವಾಗ ಏನೋ ಸುಟ್ಟ ವಾಸನೆ ಬಂತು. ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬರುವಾಗ ಕೆಲವು ಚಾಲಕರು ಗೇರ್ ಬದಲಿಸಿದ್ದೇ ಗೊತ್ತಾಗುವುದಿಲ್ಲ. ಅವರು ಮಾಡುವುದೇನು, ನಾನು ತಪ್ಪುತ್ತಿರುವುದೆಲ್ಲಿ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಚಾಲಕ, ಯಲ್ಲಾಪುರ

ತಮ್ಮಾ, ತಾಯಿಯ ತಲೆ ವಾಲುವುದನ್ನು ಗಮನಿಸಿದ್ದೀರಲ್ಲ, ಅಲ್ಲಿಗೆ ಅರ್ಧ ಕಲಿತಂತೆ. ಅರಬೈಲ್ ಘಟ್ಟದಲ್ಲಿ ಹಲವು ವರ್ಷ ಬಸ್ಸು ಓಡಿಸಿದವನಾಗಿ ಹೇಳುತ್ತೇನೆ: ಚಾಲಕನ ಕೆಲಸವನ್ನು ಕನ್ನಡಿಯಲ್ಲಿ ಕಾಣುವ ಪ್ರಯಾಣಿಕರ ತಲೆಗಳಿಂದಲೇ ಅಳೆಯಬೇಕು.

ನಿಮ್ಮ ತಪ್ಪು ಕ್ಲಚ್ಚಿನಲ್ಲಿಲ್ಲ, ಬಲಗಾಲಿನಲ್ಲಿದೆ. ಗೇರ್ ಇಳಿಸುವಾಗ ನೀವು ಎಕ್ಸಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದುಬಿಡುತ್ತೀರಿ. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗಿ ಎಂಜಿನ್ನಿನ ಸುತ್ತು ಕೆಳಗೆ ಬೀಳುತ್ತದೆ. ಆದರೆ ಎರಡನೇ ಗೇರಿಗೆ ಬೇಕಾದದ್ದು ಮೂರನೆಯದಕ್ಕಿಂತ ಹೆಚ್ಚಿನ ಸುತ್ತು. ಕ್ಲಚ್ ಬಿಟ್ಟಾಗ ಆ ಕೊರತೆಯನ್ನು ಯಾರು ತುಂಬಬೇಕು? ಉರುಳುತ್ತಿರುವ ಚಕ್ರಗಳೇ ತಮ್ಮ ವೇಗದಿಂದ ಕಿತ್ತುಕೊಟ್ಟು ಎಂಜಿನ್ನನ್ನು ಮೇಲಕ್ಕೆ ತಿರುಗಿಸಬೇಕು. ಅದೇ ನಿಮಗೆ ಜಗ್ಗಿದಂತೆ ಅನ್ನಿಸುವುದು. ಗೇರ್ ಎರಡಕ್ಕೆ ಬೀಳುವ ಹೊತ್ತಿಗೆ ಬಲಗಾಲಿನಿಂದ ಒಂದು ಸಣ್ಣ ರೇಸ್ ಕೊಟ್ಟು ಎಂಜಿನ್ನಿನ ಸುತ್ತನ್ನು ಮೊದಲೇ ಎತ್ತಿಟ್ಟರೆ, ಕ್ಲಚ್ ಬಿಟ್ಟಾಗ ಎರಡೂ ಕಡೆ ಸಮವಾಗಿ ಸೇರುತ್ತವೆ.

ನಾವು ಕೆಲಸಕ್ಕೆ ಸೇರಿದ ಕಾಲದ ಬಸ್ಸುಗಳಲ್ಲಿ ಇದು ಆಯ್ಕೆಯ ಮಾತಾಗಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕಿತ್ತು. ಇದನ್ನೇ ಡಬಲ್ ಕ್ಲಚ್ ಎನ್ನುತ್ತಿದ್ದೆವು. ಹಾಗೆ ಮಾಡದಿದ್ದರೆ ಗೇರು ಬೀಳುತ್ತಲೇ ಇರಲಿಲ್ಲ, ಹಲ್ಲುಗಳು ಕರ್ ಎಂದು ಕೂಗುತ್ತಿದ್ದವು. ಇಳಿಜಾರಿನಲ್ಲಿ ಗೇರು ಬೀಳದೆ ನ್ಯೂಟ್ರಲ್ಲಿನಲ್ಲಿ ಉಳಿದುಬಿಟ್ಟರೆ ಆಗುವ ಭಯವನ್ನು ಅನುಭವಿಸಿದವನೇ ಬಲ್ಲ. ನಿಮ್ಮ ಕಾರಿಗೆ ಡಬಲ್ ಕ್ಲಚ್ ಬೇಡ, ಒಂದೇ ಸಲ ಒತ್ತಿದರೆ ಸಾಕು. ಆದರೆ ರೇಸ್ ಕೊಡುವ ಅಭ್ಯಾಸ ಮಾತ್ರ ಬೇಕು.

ಶಿಕ್ಷಕಿ, ಹೊನ್ನಾವರ

ಹಿರಿಯರು ಹೇಳಿದ್ದನ್ನು ಅಂಕಿಗಳಲ್ಲಿ ನೋಡಿದರೆ ಎಷ್ಟು ರೇಸ್ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ. ಇಂಥ ಸಣ್ಣ ಕಾರುಗಳಲ್ಲಿ ಮೂರನೇ ಗೇರಿನ ಅನುಪಾತ ಸುಮಾರು 1.3 ಇದ್ದರೆ ಎರಡನೆಯದು ಸುಮಾರು 1.9 ಇರುತ್ತದೆ. ಅಂದರೆ ಅದೇ ವೇಗದಲ್ಲಿ ಎರಡನೇ ಗೇರಿಗೆ ಎಂಜಿನ್ ಹತ್ತಿರಹತ್ತಿರ ಒಂದೂವರೆ ಪಟ್ಟು ಜೋರಾಗಿ ತಿರುಗಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮುಳ್ಳು 2000 ತೋರಿಸುತ್ತಿದ್ದರೆ ಎರಡಕ್ಕೆ 3000 ಬೇಕು. 25 ಕಿಲೋಮೀಟರ್ ವೇಗದಲ್ಲಿ ಅದೇ ಬದಲಾವಣೆಗೆ 1250ರಿಂದ 1900ಕ್ಕೆ ಏರಿದರೆ ಸಾಕು. ಕ್ಲಚ್ ಒತ್ತಿದ ಮೇಲೆ ಎಂಜಿನ್ ಸುಮಾರು 800ಕ್ಕೆ ಇಳಿದಿರುತ್ತದೆ ಎಂದುಕೊಂಡರೆ, 40ರ ವೇಗದಲ್ಲಿ ಚಕ್ರಗಳು ತುಂಬಬೇಕಾದ ಕೊರತೆ 2200 ಸುತ್ತು, 25ರ ವೇಗದಲ್ಲಿ 1100 ಸುತ್ತು. ರೇಸ್ ಕೊಡಲು ಬಾರದಿದ್ದರೂ ಬ್ರೇಕಿನಿಂದ ಮೊದಲು ವೇಗ ತಗ್ಗಿಸಿ ಆಮೇಲೆ ಗೇರ್ ಇಳಿಸಿದರೆ ಜಗ್ಗುವುದು ಅರ್ಧಕ್ಕರ್ಧ ಕಡಿಮೆಯಾಗುವುದಕ್ಕೆ ಇದೇ ಕಾರಣ.

ನಾನು ಗೇರುಸೊಪ್ಪೆ ಘಟ್ಟದಲ್ಲಿ ಸಾಗರದ ಕಡೆಗೆ ಓಡಾಡುವವಳು. ಕಲಿತ ಹೊಸದರಲ್ಲಿ ಒಂದು ಕೆಲಸ ಮಾಡಿದ್ದೆ: ಸಪಾಟು ರಸ್ತೆಯಲ್ಲಿ 25, 30, 40ರ ವೇಗದಲ್ಲಿ ಎರಡನೇ ಗೇರಿನಲ್ಲೂ ಮೂರನೇ ಗೇರಿನಲ್ಲೂ ಆರ್‌ಪಿಎಂ ಎಷ್ಟಿರುತ್ತದೆ ಎಂಬುದನ್ನು ಪಕ್ಕದಲ್ಲಿ ಕುಳಿತವರಿಂದ ಬರೆಸಿಕೊಂಡೆ. ಒಂದು ವಾರ ಆ ಚೀಟಿ ನೋಡಿದ್ದೇನೆ. ಆಮೇಲೆ ಮುಳ್ಳು ನೋಡುವ ಅಗತ್ಯವೇ ಬೀಳಲಿಲ್ಲ, ಆ ಸದ್ದು ಕಿವಿಗೆ ಹತ್ತಿತ್ತು.

ಕಾಳಿತೀರ, ಕಾರವಾರ

ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ಬ್ರೇಕ್ ಪ್ಯಾಡ್ ಬದಲಿಸುವುದು ಸಣ್ಣ ಖರ್ಚು. ಕ್ಲಚ್ ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಹಾಗಿರುವಾಗ ಗಾಡಿಯ ವೇಗ ತಗ್ಗಿಸಲು ಗೇರನ್ನೇಕೆ ಬಳಸಬೇಕು? ಬ್ರೇಕ್ ಇರುವುದೇ ಅದಕ್ಕಲ್ಲವೇ? ಕಾರವಾರದಿಂದ ಅಂಕೋಲಾಕ್ಕೆ ಹೆದ್ದಾರಿಯಲ್ಲಿ ದಿನವೂ ಓಡಾಡುತ್ತೇನೆ. ಬ್ರೇಕ್ ಹಾಕಿ, ಗಾಡಿ ಸಾಕಷ್ಟು ನಿಧಾನವಾದ ಮೇಲೆ ಬೇಕಾದ ಗೇರಿಗೆ ನೇರವಾಗಿ ಹಾಕುತ್ತೇನೆ. ಒಮ್ಮೆಯೂ ತೊಂದರೆಯಾಗಿಲ್ಲ.

ಗ್ಯಾರೇಜಿನವ, ಕುಮಟಾ

ಕಾರವಾರದವರು ಹೇಳಿದ ಕ್ರಮ ಸಪಾಟು ಹೆದ್ದಾರಿಗೆ ಸರಿಯಾಗಿದೆ. ಐದರಿಂದ ನೇರ ಮೂರಕ್ಕೋ ಎರಡಕ್ಕೋ ಬರುವುದರಲ್ಲಿ ತಪ್ಪೇನಿಲ್ಲ, ವೇಗ ಆ ಗೇರಿಗೆ ತಕ್ಕಂತಿದ್ದರಾಯಿತು. ಆದರೆ ಘಟ್ಟದ ಲೆಕ್ಕ ಬೇರೆ. ಹೆದ್ದಾರಿಯಲ್ಲಿ ಬ್ರೇಕ್ ಕೆಲಸ ಮಾಡುವುದು ಕೆಲವೇ ಸೆಕೆಂಡು, ಆಮೇಲೆ ಅದಕ್ಕೆ ಗಾಳಿ ತಾಗಿ ತಣಿಯಲು ಸಮಯವಿದೆ. ಘಟ್ಟದಲ್ಲಿ ವೇಗ ತಗ್ಗಿಸಿದ ಮರುಕ್ಷಣವೇ ಇಳಿಜಾರು ಅದನ್ನು ಮತ್ತೆ ಏರಿಸುತ್ತದೆ, ಬ್ರೇಕಿನ ಮೇಲಿನ ಕಾಲು ತೆಗೆಯಲು ಬಿಡುವುದಿಲ್ಲ. ವೇಗವನ್ನು ತಗ್ಗಿಸುವುದು ಬ್ರೇಕಿನ ಕೆಲಸ; ತಗ್ಗಿದ ವೇಗವನ್ನು ಅಲ್ಲೇ ಹಿಡಿದಿಡುವುದು ಗೇರಿನ ಕೆಲಸ.

ಬಿಸಿಯಾದ ಪ್ಯಾಡ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಿಂತ ಅಪಾಯದ್ದು ಬ್ರೇಕ್ ಆಯಿಲ್ ಕುದಿಯುವುದು. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರುವಂಥದ್ದು. ತೇವ ಸೇರಿದ ಮೇಲಿನ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ ಮಾತ್ರ. ನಮ್ಮ ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರಿಗೆ: ನಿಮಗೆ ಬಂದ ಸುಟ್ಟ ವಾಸನೆ ಕ್ಲಚ್ ಪ್ಲೇಟಿನದೋ ಬ್ರೇಕಿನದೋ ಎಂಬುದನ್ನು ಮೊದಲು ತಿಳಿಯಬೇಕು. ಗಾಡಿ ನಿಲ್ಲಿಸಿ ಇಳಿದು, ಮುಟ್ಟದೆಯೇ, ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಿರಿ. ಅಲ್ಲಿಂದ ಬಿಸಿ ಏಳುತ್ತಿದ್ದು ವಾಸನೆಯೂ ಅಲ್ಲೇ ಹೆಚ್ಚಾಗಿದ್ದರೆ ಅದು ಬ್ರೇಕ್. ವಾಸನೆ ಬಾನೆಟ್ಟಿನ ಕಡೆಯಿಂದ ಬರುತ್ತಿದ್ದರೆ ಕ್ಲಚ್. ಒಂದು ಗೇರ್ ಬದಲಾವಣೆಗೆ ಕ್ಲಚ್ ಒಂದು ಸೆಕೆಂಡು ಜಾರಿದರೆ ಅದಕ್ಕೇನೂ ಆಗುವುದಿಲ್ಲ. ಪ್ರತಿ ತಿರುವಿನಲ್ಲೂ ಮೂರು ನಾಲ್ಕು ಸೆಕೆಂಡು ಹಾಫ್ ಕ್ಲಚ್ಚಿನಲ್ಲಿ ಹಿಡಿದರೆ ಪ್ಲೇಟು ಸವೆಯುತ್ತದೆ. ಇನ್ನು, ಎಂಜಿನ್ ಕೂತಿರುವ ಮೌಂಟ್ ರಬ್ಬರುಗಳು ಸವೆದಿದ್ದರೆ ಎಷ್ಟು ನಯವಾಗಿ ಓಡಿಸಿದರೂ ಗಾಡಿ ಜರ್ಕ್ ಹೊಡೆಯುತ್ತದೆ. ನಿಮ್ಮ ಕಲಿಕೆಯಲ್ಲೇ ದೋಷವಿದೆ ಎಂದು ನೊಂದುಕೊಳ್ಳುವ ಮೊದಲು ಅದನ್ನೊಮ್ಮೆ ತೋರಿಸಿ.

ಶಿಕ್ಷಕಿ, ಹೊನ್ನಾವರ

ಬ್ರೇಕ್ ಬಿಸಿಯಾಗುವ ಮಾತು ಬಂದದ್ದರಿಂದ ಒಂದು ಲೆಕ್ಕ ಸೇರಿಸುತ್ತೇನೆ. ಜನರೂ ಸೇರಿ 1200 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೂಲ್. ಇದು 25 ಡಿಗ್ರಿಯ ಹದಿನೆಂಟು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖ. ಬಚ್ಚಲ ಒಲೆಗೆ ಬೆಂಕಿ ಹಾಕಿ ಅಷ್ಟು ನೀರು ಕಾಯಿಸಲು ಎಷ್ಟು ಸೌದೆ ಬೇಕೆಂದು ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಗಾಳಿಯ ಮತ್ತು ಟಯರಿನ ತಡೆ ಅದರಲ್ಲಿ ಒಂದು ಪಾಲನ್ನು ಹೊರುತ್ತವೆ. ಉಳಿದದ್ದನ್ನು ಎಂಜಿನ್ ಹೊರದಿದ್ದರೆ ಕೆಲವು ಕಿಲೋ ತೂಕದ ಬ್ರೇಕಿನ ಕಬ್ಬಿಣವೇ ಹೊರಬೇಕು.

ಕಾಳಿತೀರ, ಕಾರವಾರ

ಒಪ್ಪಿದೆ. ನಾನು ಹೆದ್ದಾರಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಹಾಗಾದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಅನೇಕರು ಹೇಳುವುದೂ ತಪ್ಪೇ?

ಗ್ಯಾರೇಜಿನವ, ಕುಮಟಾ

ತಪ್ಪು. ಕಾರ್ಬ್ಯುರೇಟರ್ ಇದ್ದ ಗಾಡಿಗಳ ಕಾಲದಿಂದ ಉಳಿದುಬಂದ ನಂಬಿಕೆ ಅದು. ಇಂಜೆಕ್ಟರ್ ಇರುವ ಗಾಡಿಯಲ್ಲಿ ಗೇರಿನಲ್ಲೇ ಇದ್ದು ಎಕ್ಸಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆದ್ದರಿಂದ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ ತಾನೇ ತಿರುಗುತ್ತಿರಬೇಕಾಗಿ ಐಡಲ್ಲಿಗೆ ಬೇಕಾದಷ್ಟು ಪೆಟ್ರೋಲ್ ಕುಡಿಯುತ್ತದೆ. ಇನ್ನು ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರಿದ್ದಾರೆ. ಅವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ನಿರ್ವಾತ ಉಳಿಯುವುದಿಲ್ಲ, ಪೆಡಲ್ ಕಲ್ಲಿನಂತಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಜೀಪಿನವ, ಜೊಯಿಡಾ

ಮಳೆಗಾಲದ ಒಂದು ಅನುಭವವನ್ನು ಇಲ್ಲಿ ಹೇಳಲೇಬೇಕು. ನನ್ನದು ಹಿಂದಿನ ಚಕ್ರಗಳಿಗೆ ಎಳೆತವಿರುವ ಹಳೆಯ ಡೀಸೆಲ್ ಜೀಪು. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಅಣಶಿ ಘಟ್ಟ ಇಳಿದು ಕದ್ರಾ ಕಡೆಗೆ ಬರುತ್ತಿದ್ದೆ. ರಸ್ತೆಯ ಮೇಲೆ ಕೊಳೆತ ಎಲೆ ಹಾಸಿಕೊಂಡಿತ್ತು. ತಿರುವಿನ ಒಳಗೆ ಹೊಕ್ಕ ಮೇಲೆ ವೇಗ ಹೆಚ್ಚಾಯಿತೆಂದು ತಿಳಿದು, ಅವಸರದಲ್ಲಿ ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಹಿಂದಿನ ಚಕ್ರಗಳು ಒಂದು ಗಳಿಗೆ ಕಚ್ಚಿ ನಿಂತಂತಾಗಿ ಜೀಪಿನ ಹಿಂಭಾಗ ಕಣಿವೆಯ ಕಡೆಗೆ ಜಾರಿತು. ತಕ್ಷಣ ಕ್ಲಚ್ ಒತ್ತಿದ್ದರಿಂದ ಚಕ್ರಗಳು ಮತ್ತೆ ಉರುಳತೊಡಗಿದವು, ಗಾಡಿ ನೇರವಾಯಿತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ ಎಂಬುದೊಂದೇ ನನ್ನ ಪುಣ್ಯ.

ಒಂದು ಸಂಗತಿಯನ್ನು ಆ ದಿನದ ನಂತರ ನಾನು ಮರೆತಿಲ್ಲ. ಬ್ರೇಕ್ ನಾಲ್ಕೂ ಚಕ್ರಗಳಿಗೆ ಹಂಚಿಕೊಂಡು ಕೆಲಸ ಮಾಡುತ್ತದೆ. ಗೇರ್ ಇಳಿಸಿದ ತಡೆ ಎಂಜಿನ್ ಎಳೆಯುವ ಎರಡು ಚಕ್ರಗಳಿಗೆ ಮಾತ್ರ ಬೀಳುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಇದೇ ತಪ್ಪು ಮಾಡಿದರೆ ಹಿಂಭಾಗ ಜಾರುವ ಬದಲು ಸ್ಟಿಯರಿಂಗ್ ಮಾತು ಕೇಳದೆ ಗಾಡಿ ನೇರಕ್ಕೆ ಹೋಗುತ್ತದೆ. ಆದ್ದರಿಂದ ಗೇರ್ ಇಳಿಸುವ ಕೆಲಸ ತಿರುವಿಗೆ ಮೊದಲು, ರಸ್ತೆ ನೇರವಿರುವಾಗಲೇ ಮುಗಿದಿರಬೇಕು. ತಿರುವಿನೊಳಗೆ ಎಡಗಾಲಿಗೆ ಕೆಲಸವೇ ಇರಬಾರದು.

ತೋಟಗಾರ, ಶಿರಸಿ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಒಂದು ತೊಡಕು ಉಳಿದಿದೆ. ಘಟ್ಟ ಇಳಿಯುವಾಗ ನನ್ನ ಬಲಗಾಲು ಬ್ರೇಕಿನ ಮೇಲಿರುತ್ತದೆ. ರೇಸ್ ಕೊಡಬೇಕಾದದ್ದೂ ಅದೇ ಕಾಲು. ಎರಡನ್ನೂ ಮಾಡುವುದು ಹೇಗೆ? ಅಪ್ಪಯ್ಯ ಹೇಳುತ್ತಿದ್ದ, ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಮಾತನ್ನು ಇಂದಿಗೂ ಪಾಲಿಸಬಹುದೇ?

ಹಳೆಯ ಚಾಲಕ, ಯಲ್ಲಾಪುರ

ಒಳ್ಳೆಯ ಪ್ರಶ್ನೆ. ತಪ್ಪುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಮೊದಲು ಹತ್ತುವ ದಾರಿಯಲ್ಲಿ ಕಲಿಯಿರಿ, ಅದು ಸುಲಭ. ಕುಮಟಾದಿಂದ ಮರಳಿ ಬರುವಾಗ ಏರಿನಲ್ಲಿ ಎಂಜಿನ್ ಸೋಲುತ್ತಿದೆ ಎನ್ನಿಸಿದಾಗ ನಿಮ್ಮ ಬಲಗಾಲು ಹೇಗೂ ಎಕ್ಸಲರೇಟರಿನ ಮೇಲಿರುತ್ತದೆ. ಕ್ಲಚ್ ಒತ್ತುವಾಗ ಆ ಕಾಲನ್ನು ಪೂರ್ತಿ ಎತ್ತದೆ ಸ್ವಲ್ಪ ಒತ್ತಿಹಿಡಿದೇ ಇರಿ. ಹೊರೆ ತಪ್ಪಿದ ಎಂಜಿನ್ ತಾನಾಗಿಯೇ ಏರುತ್ತದೆ. ಅಷ್ಟರಲ್ಲಿ ಗೇರು ಎರಡಕ್ಕೆ ಬಂದಿರಬೇಕು, ಕ್ಲಚ್ ಬಿಡಬೇಕು. ನಾಲ್ಕಾರು ಸಲ ಮಾಡಿದರೆ ಸುತ್ತು ಸಮವಾಗಿ ಸೇರಿದಾಗ ಹೇಗಿರುತ್ತದೆ ಎಂಬುದು ಬೆನ್ನಿಗೆ ತಿಳಿಯುತ್ತದೆ. ತಿಳಿಯುವುದು ಬೆನ್ನಿಗೇ, ತಲೆಗಲ್ಲ.

ಇಳಿಯುವಾಗ ಹೀಗೆ ಮಾಡಿ. ತಿರುವು ಕಾಣುತ್ತಿದ್ದಂತೆ, ರಸ್ತೆ ಇನ್ನೂ ನೇರವಿರುವಾಗ, ಗೇರು ಮೂರರಲ್ಲೇ ಇರಲಿ, ಬ್ರೇಕ್ ಒತ್ತಿ. ತಿರುವಿಗೆ 30ರ ವೇಗ ಸಾಕೆನ್ನಿಸಿದರೆ 25ಕ್ಕೆ ಇಳಿಸಿ. ಆ ಐದು ಕಿಲೋಮೀಟರ್ ಏಕೆಂದರೆ, ನೀವು ಬ್ರೇಕಿನಿಂದ ಕಾಲು ತೆಗೆದು ಗೇರ್ ಬದಲಿಸುವ ಒಂದೆರಡು ಸೆಕೆಂಡಿನಲ್ಲಿ ಇಳಿಜಾರು ಅದರಲ್ಲಿ ಒಂದಷ್ಟು ವೇಗವನ್ನು ಮರಳಿ ಕೊಡುತ್ತದೆ. ಹೊಸಬರು ಈ ಲೆಕ್ಕವನ್ನು ಇಟ್ಟುಕೊಳ್ಳದೆ, ಗಾಡಿ ಓಡಿತೆಂದು ಗಾಬರಿಯಾಗಿ ಕ್ಲಚ್ಚನ್ನು ಎತ್ತಿಬಿಡುತ್ತಾರೆ. ಈಗ ಬ್ರೇಕಿನಿಂದ ಕಾಲು ತೆಗೆಯುತ್ತ ಕ್ಲಚ್ ಒತ್ತಿ, ಲಿವರನ್ನು ಎರಡರ ಕಡೆಗೆ ತರುವಾಗಲೇ ಎಕ್ಸಲರೇಟರನ್ನು ಒಮ್ಮೆ ಮೃದುವಾಗಿ ಒತ್ತಿ ಬಿಡಿ, ಸುತ್ತು ಮೇಲಿರುವಾಗಲೇ ಕ್ಲಚ್ಚನ್ನು ಬಿಡಿ. ಲಿವರನ್ನು ಗುದ್ದಬೇಡಿ, ಅಂಗೈಯಿಂದ ಒತ್ತಡ ಕೊಟ್ಟರೆ ಅದೇ ಒಳಗೆ ಬೀಳುತ್ತದೆ. ಕ್ಲಚ್ ಹಿಡಿಯತೊಡಗುವ ಬಿಂದುವಿನಲ್ಲಿ ಅರೆಕ್ಷಣ ತಡೆದು ಬಿಟ್ಟರೆ, ರೇಸ್ ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೂ ಅದು ಮುಚ್ಚಿಹೋಗುತ್ತದೆ.

ನಿಮ್ಮ ಅಪ್ಪಯ್ಯನ ಮಾತು ಅವರ ಕಾಲದ ಗಾಡಿಗೆ ಸರಿಯಾಗಿತ್ತು. ಅಂಬಾಸಡರಿನಲ್ಲಿ ಎರಡರಲ್ಲಿ ಹತ್ತಿದ ಏರನ್ನು ಎರಡರಲ್ಲೇ ಇಳಿಯುತ್ತಿದ್ದೆವು. ಈಗಿನ ಎಂಜಿನ್ನುಗಳಿಗೆ ಬಲ ಹೆಚ್ಚು, ಮೂರರಲ್ಲೇ ಹತ್ತಿಬಿಡುತ್ತವೆ. ಆದರೆ ಇಳಿಯುವಾಗ ಮೂರರಲ್ಲಿ ಅವುಗಳ ತಡೆ ಸಾಲುವುದಿಲ್ಲ. ಆದ್ದರಿಂದ ನನ್ನ ಅಳತೆ ಬೇರೆ. ನೇರ ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದಾಗ ಗಾಡಿ ವೇಗ ಪಡೆಯುತ್ತಲೇ ಹೋದರೆ ಇನ್ನೊಂದು ಗೇರು ಇಳಿಯಬೇಕು. ಹೆಚ್ಚುಕಡಿಮೆ ಅದೇ ವೇಗದಲ್ಲಿ ನಿಂತರೆ ಗೇರು ಸರಿಯಿದೆ. ಈ ಗೇರನ್ನು ಘಟ್ಟದ ತಲೆಯಲ್ಲೇ ಹಿಡಿದುಬಿಟ್ಟರೆ ನಡುವೆ ಬದಲಿಸುವ ಸಂದರ್ಭವೇ ಕಡಿಮೆ. ಒಂದು ತಿರುವಿಗೂ ಮತ್ತೊಂದಕ್ಕೂ ನಡುವೆ ನೂರು ಮೀಟರ್ ನೇರ ಸಿಕ್ಕಿತೆಂದು ಮೂರಕ್ಕೆ ಏರಿಸಿ ಮತ್ತೆ ಎರಡಕ್ಕೆ ಇಳಿಸುವವರ ಗಾಡಿಯಲ್ಲೇ ಜನರಿಗೆ ವಾಂತಿಯಾಗುವುದು. ಎರಡರಲ್ಲೇ ಇರಿ, ಎಂಜಿನ್ ಸ್ವಲ್ಪ ಕೂಗಲಿ, ಮೂರು ಸಾವಿರ ಸುತ್ತಿಗೆ ಅದಕ್ಕೇನೂ ಆಗುವುದಿಲ್ಲ.

ಓದುಗ, ಅಂಕೋಲಾ

ಬ್ರೇಕ್ ಒತ್ತಿಹಿಡಿದೇ ಅದೇ ಪಾದದ ಅಂಚಿನಿಂದ ಎಕ್ಸಲರೇಟರ್ ಒತ್ತುವ ಹೀಲ್ ಅಂಡ್ ಟೋ ಎಂಬ ಕ್ರಮವೊಂದಿದೆಯಲ್ಲ, ಅದನ್ನು ಕಲಿಯಬೇಕೇ?

ಗ್ಯಾರೇಜಿನವ, ಕುಮಟಾ

ಬೇಡ. ಅದು ರೇಸಿನ ಚಾಲಕರಿಗೆ ಬೇಕಾದ ಕೌಶಲ. ನಮ್ಮ ಅನೇಕ ಕಾರುಗಳಲ್ಲಿ ಎರಡು ಪೆಡಲ್‌ಗಳ ಎತ್ತರವೂ ಅಂತರವೂ ಅದಕ್ಕೆ ಹೊಂದುವುದಿಲ್ಲ. ಪಾದ ಜಾರಿದರೆ ಬ್ರೇಕಿನ ಬದಲು ಎಕ್ಸಲರೇಟರ್ ಒತ್ತಿಹೋಗುವ ಅಪಾಯವಿದೆ, ಚಪ್ಪಲಿ ಹಾಕಿ ಓಡಿಸುವವರಿಗಂತೂ ಇನ್ನೂ ಹೆಚ್ಚು.

ತೋಟಗಾರ, ಶಿರಸಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬನವಾಸಿ ರಸ್ತೆಯಲ್ಲಿ ಬೆಳಗಿನ ಹೊತ್ತು, ಹಿಂದೆ ಯಾವ ಗಾಡಿಯೂ ಇಲ್ಲದಾಗ, ದಿನಕ್ಕೆ ಇಪ್ಪತ್ತು ಸಲದಂತೆ ಮೂರರಿಂದ ಎರಡಕ್ಕೆ ಇಳಿಸುವ ಅಭ್ಯಾಸ ಮಾಡಿದೆ. ಮೊದಲ ನಾಲ್ಕು ದಿನ ರೇಸ್ ಹೆಚ್ಚಾಗಿ ಗಾಡಿ ಮುಂದಕ್ಕೆ ನೆಗೆಯುತ್ತಿತ್ತು, ಇಲ್ಲವೇ ರೇಸ್ ಕೊಟ್ಟು ಕ್ಲಚ್ ಬಿಡುವುದರೊಳಗೆ ಸುತ್ತು ಇಳಿದುಹೋಗುತ್ತಿತ್ತು. ತಡ ಮಾಡುತ್ತಿದ್ದವನು ನಾನೇ ಎಂದು ಐದನೆಯ ದಿನ ತಿಳಿಯಿತು. ಗ್ಯಾರೇಜಿನಲ್ಲಿ ತೋರಿಸಿದಾಗ ಎಂಜಿನ್ನಿನ ಒಂದು ಮೌಂಟ್ ಸವೆದಿತ್ತು, ಅದನ್ನೂ ಬದಲಿಸಿದೆ.

ನಿನ್ನೆ ಆಯಿಯೊಂದಿಗೆ ದೇವಿಮನೆ ಘಟ್ಟ ಇಳಿದೆ. ಘಟ್ಟದ ತಲೆಯಲ್ಲೇ ಎರಡನೇ ಗೇರಿಗೆ ಬಂದು, ಬಹಳಷ್ಟು ದೂರ ಅದರಲ್ಲೇ ಇದ್ದೆ. ಗಾಡಿ ನಿಲ್ಲಿಸುವ ಪ್ರಸಂಗ ಬರಲಿಲ್ಲ, ವಾಸನೆಯೂ ಬರಲಿಲ್ಲ. ಎಲ್ಲರಿಗೂ ನಾನು ಋಣಿ. ಒಂದೇ ಒಂದು ಕಡೆ, ತೀರ ಕಡಿದಾದ ತಿರುವಿನಲ್ಲಿ ಎದುರಿನಿಂದ ಲಾರಿ ಹತ್ತುತ್ತಿದ್ದುದರಿಂದ ಎರಡರಿಂದ ಒಂದಕ್ಕೆ ಇಳಿಸಲು ಹೋದೆ. ಲಿವರ್ ಗಟ್ಟಿಯಾಗಿ ತಡೆಯಿತು, ಆಮೇಲೆ ಬಲವಾಗಿ ಜಗ್ಗಿತು. ಅದಕ್ಕೇನು ಮಾಡಬೇಕು?

ಗ್ಯಾರೇಜಿನವ, ಕುಮಟಾ

ಎರಡಕ್ಕೂ ಒಂದಕ್ಕೂ ನಡುವಿನ ಅಂತರ ಮೂರಕ್ಕೂ ಎರಡಕ್ಕೂ ಇರುವುದಕ್ಕಿಂತ ದೊಡ್ಡದು. 20ರ ವೇಗದಲ್ಲಿ ಎರಡರಲ್ಲಿ 1500 ಇರುವ ಸುತ್ತು ಒಂದಕ್ಕೆ ಬಂದಾಗ 2800ರ ಹತ್ತಿರ ಆಗಬೇಕು. ಗೇರ್‌ಬಾಕ್ಸಿನೊಳಗೆ ಇಷ್ಟು ವ್ಯತ್ಯಾಸವನ್ನು ಸಿಂಕ್ರೋ ರಿಂಗು ಉಜ್ಜಿಕೊಂಡು ಸರಿದೂಗಿಸಬೇಕಾಗುವುದರಿಂದಲೇ ಲಿವರ್ ತಡೆದದ್ದು. ಅಲ್ಲಿ ಬಲ ಹಾಕಿದರೆ ಸವೆಯುವುದು ಆ ರಿಂಗು. ಹತ್ತುವ ಗಾಡಿಗೆ ದಾರಿ ಬಿಡಬೇಕಾದದ್ದು ಇಳಿಯುವವರ ಧರ್ಮ, ನಿಯಮವೂ ಹೌದು. ಆದ್ದರಿಂದ ಅಂಥಲ್ಲಿ ಅವಸರವೇ ಬೇಡ. ಬ್ರೇಕಿನಿಂದ ನಡೆಯುವ ವೇಗಕ್ಕೆ, ಅಂದರೆ ಏಳೆಂಟು ಕಿಲೋಮೀಟರಿಗೆ ತಂದು, ಬ್ರೇಕ್ ಹಿಡಿದೇ ಒಂದಕ್ಕೆ ಹಾಕಿ. ಆಗಲೂ ಬೀಳದಿದ್ದರೆ ಗಾಡಿಯನ್ನು ಪೂರ್ತಿ ನಿಲ್ಲಿಸಿ ಹಾಕಿ, ಲಾರಿ ದಾಟಿದ ಮೇಲೆ ಒಂದರಲ್ಲೇ ಹೊರಡಿ. ನಿಂತಿದ್ದಾಗಲೂ ಒಂದನೇ ಗೇರು ಕರ್ ಎಂದು ಸದ್ದು ಮಾಡಿದರೆ ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ ಎಂದರ್ಥ. ಆಗ ಕ್ಲಚ್ ಪೆಡಲ್ಲಿನ ಆಟವನ್ನು, ಅಂದರೆ ಒತ್ತಿದಾಗ ಮೊದಲಿಗೆ ಸಿಗುವ ಸಡಿಲ ಚಲನೆಯನ್ನು, ಅಳೆಸಿ ಸರಿಮಾಡಿಸಿಕೊಂಡು ಮುಂದಿನ ಸಲ ಘಟ್ಟ ಇಳಿಯಿರಿ.